ಮನೆಗೂ ಕಸುಬಿಗೂ ಒಂದೇ ಪುಟ್ಟ ಕ್ಯಾಮೆರಾ



ಇಂದು ನಾನು ನಿಮ್ಮೊಡನೆ ಮಾತನಾಡಬೇಕೆಂದಿರುವ ವಿಷಯ ಪುಟ್ಟ ಡಿಜಿಟಲ್ ಕ್ಯಾಮೆರಾದ ಆಯ್ಕೆ. ಅಂಗಿಯ ಜೇಬಿನಲ್ಲೋ ಹೆಗಲ ಚೀಲದ ಮೂಲೆಯಲ್ಲೋ ಹಿಡಿಸುವಂಥ, ಮಸೂರವನ್ನು ಬಿಚ್ಚಿ ಬದಲಾಯಿಸಲು ಬಾರದಂಥ, ಅಂಗಡಿಯವರು ‘ಕಾಂಪ್ಯಾಕ್ಟ್’ ಎಂದು ಕರೆಯುವ ಕ್ಯಾಮೆರಾ ಇದು. ವಾರದ ದಿನಗಳಲ್ಲಿ ಕಸುಬಿಗೆ, ಹಬ್ಬ ಹುಣ್ಣಿಮೆಗಳಲ್ಲಿ ಮನೆಯವರಿಗೆ, ಹೀಗೆ ಎರಡಕ್ಕೂ ಒಂದೇ ಸಾಕಾಗುವಂತೆ ಇದನ್ನು ಆರಿಸುವುದು ಹೇಗೆ?

ನನ್ನ ಉದಾಹರಣೆಗಳನ್ನೆಲ್ಲ ಬೀದರ್ ಜಿಲ್ಲೆಯಿಂದ, ಅದರಲ್ಲೂ ಔರಾದ, ಭಾಲ್ಕಿ ಮತ್ತು ಬೀದರ್ ನಗರದ ಸುತ್ತಮುತ್ತಲಿಂದ ತೆಗೆದುಕೊಂಡಿದ್ದೇನೆ. ಅದಕ್ಕೆ ಕಾರಣವಿದೆ. ಔರಾದ ನಮ್ಮ ರಾಜ್ಯದ ಉತ್ತರದ ತುದಿಯ ತಾಲ್ಲೂಕು. ಒಂದು ಕಡೆ ಮಹಾರಾಷ್ಟ್ರ, ಇನ್ನೊಂದು ಕಡೆ ತೆಲಂಗಾಣ. ಅಲ್ಲಿಂದ ಬೀದರಿಗೆ ಸುಮಾರು 40 ಕಿಲೋಮೀಟರು, ಬೀದರಿನಿಂದ ಹೈದರಾಬಾದಿಗೆ ಸುಮಾರು 140, ಬೆಂಗಳೂರಿಗಾದರೋ ಸುಮಾರು 700. ದೊಡ್ಡ ನಗರದಲ್ಲಿ ಇರುವವರು ಕೊಂಡದ್ದು ಹಿಡಿಸದಿದ್ದರೆ ಮರುದಿನವೇ ಅಂಗಡಿಗೆ ಹೋಗಿ ಬದಲಾಯಿಸಿಯಾರು. ಔರಾದದವರಿಗೆ ಆ ಸೌಕರ್ಯವಿಲ್ಲ. ಅವರ ಆಯ್ಕೆ ಮೊದಲ ಸಲವೇ ಸರಿಯಾಗಬೇಕು. ಅವರಿಗೆ ಸರಿಹೋದ ಲೆಕ್ಕ ಉಳಿದ ಊರುಗಳವರಿಗೂ ಸರಿಹೋದೀತು.

ಬೀದರಿಗೂ ಛಾಯಾಚಿತ್ರಕ್ಕೂ ನಂಟು ಹಳೆಯದು. 1956ರ ನವೆಂಬರ್ 1ರಂದು ನಮ್ಮ ರಾಜ್ಯವನ್ನು ಸೇರುವ ಮೊದಲು ಬೀದರ್ ಹೈದರಾಬಾದಿಗೆ ಸೇರಿತ್ತು. ಆರನೆಯ ನಿಜಾಮರ ಆಸ್ಥಾನದಲ್ಲಿದ್ದ ಛಾಯಾಗ್ರಾಹಕ ರಾಜಾ ದೀನದಯಾಳರ ಹೆಸರು ಇಂದಿಗೂ ದೊಡ್ಡದು. ಗುಲಾಂ ಯಜ್ದಾನಿಯವರು ಬೀದರಿನ ಇತಿಹಾಸ ಮತ್ತು ಸ್ಮಾರಕಗಳನ್ನು ಕುರಿತು ಬರೆದು 1947ರಲ್ಲಿ ಪ್ರಕಟವಾದ ದೊಡ್ಡ ಗ್ರಂಥದಲ್ಲಿ ಪುಟಪುಟಗಳ ತುಂಬ ಛಾಯಾಚಿತ್ರಗಳಿವೆ. ಆದರೆ ಆ ಕ್ಯಾಮೆರಾ ನೋಡಿದ್ದು ಅರಮನೆ, ಗುಮ್ಮಟ, ಮಸೀದಿಗಳನ್ನು. ಸಾಮಾನ್ಯರ ಮನೆಯೊಳಕ್ಕೆ ಅದು ಬಂದದ್ದು ಬಹಳ ತಡವಾಗಿ. ಅಲ್ಲಲ್ಲಿ ಉಳ್ಳವರ ಮನೆಯಲ್ಲಿ ಒಂದು ಆಗ್ಫಾ ಕ್ಲಿಕ್ ಇರುತ್ತಿತ್ತು. ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆಯ ‘ಇಂದು’ ಫಿಲ್ಮು ಅಂಗಡಿಗಳಲ್ಲಿ ಸಿಗುತ್ತಿತ್ತು. ಒಂದು ರೋಲು ಮುಗಿಯುವುದಕ್ಕೆ ಯುಗಾದಿಯಿಂದ ದೀಪಾವಳಿಯವರೆಗೆ ಹಿಡಿಯುತ್ತಿತ್ತು. ಉಳಿದವರೆಲ್ಲ ಮದುವೆಗೊಮ್ಮೆ ಸ್ಟುಡಿಯೋದವರನ್ನು ಕರೆಸಿದರೆ ಮುಗಿಯಿತು. ಆದ್ದರಿಂದಲೇ ಇಂದಿಗೂ ಎಷ್ಟೋ ಮನೆಗಳಲ್ಲಿ ಅಜ್ಜಿಯ ಚಿತ್ರ ಯಾವುದು ಎಂದು ಕೇಳಿದರೆ, ಮತದಾರರ ಗುರುತಿನ ಚೀಟಿಯ ಮೇಲಿನ ಮಸುಕು ಮುಖವನ್ನೇ ದೊಡ್ಡದು ಮಾಡಿಸಿ ಗೋಡೆಗೆ ಹಾಕಿರುತ್ತಾರೆ.

ಫಿಲ್ಮಿಲ್ಲದ ಕ್ಯಾಮೆರಾದ ಕಥೆ 1975ರಲ್ಲಿ ಶುರುವಾಯಿತು. ಅಮೆರಿಕದ ಕೊಡಕ್ ಕಂಪನಿಯ ಎಂಜಿನಿಯರ್ ಸ್ಟೀವನ್ ಸ್ಯಾಸನ್ ಆಗ ಕಟ್ಟಿದ ಯಂತ್ರ ಮೂರೂವರೆ ಕಿಲೋಗೂ ಮಿಕ್ಕಿ ತೂಗುತ್ತಿತ್ತು. ಒಂದು ಚಿತ್ರವನ್ನು ಕ್ಯಾಸೆಟ್ಟಿನ ಮೇಲೆ ಬರೆಯಲು 23 ಸೆಕೆಂಡು ಬೇಕಾಗುತ್ತಿತ್ತು. ಆ ಚಿತ್ರದಲ್ಲಿ ಇದ್ದದ್ದು ಕೇವಲ 10,000 ಚುಕ್ಕಿಗಳು. 2010ರ ಹೊತ್ತಿಗೆ ಜಗತ್ತಿನ ಪೇಟೆಗೆ ಒಂದೇ ವರ್ಷದಲ್ಲಿ 12 ಕೋಟಿಗೂ ಹೆಚ್ಚು ಡಿಜಿಟಲ್ ಕ್ಯಾಮೆರಾಗಳು ಬಂದವು. ಅವುಗಳಲ್ಲಿ ಬಹುಪಾಲು ಇಂಥ ಪುಟ್ಟವೇ. ಆಮೇಲೆ ಫೋನು ಬಂತು. 2023ರಲ್ಲಿ ಎಲ್ಲ ಬಗೆಯ ಕ್ಯಾಮೆರಾಗಳನ್ನು ಸೇರಿಸಿದರೂ ಆ ಸಂಖ್ಯೆ 80 ಲಕ್ಷವನ್ನು ಮುಟ್ಟಲಿಲ್ಲ. ಹೀಗಿರುವಾಗ ಕ್ಯಾಮೆರಾ ಕೊಳ್ಳುವುದೇ ಬೇಕೆ? ಮೊದಲು ಈ ಪ್ರಶ್ನೆಗೆ ಪ್ರಾಮಾಣಿಕವಾಗಿ ಉತ್ತರಿಸಬೇಕು.

ಫೋನಿನಿಂದಲೇ ಆಗಬೇಕಾದ ಕೆಲಸಗಳು ಕೆಲವಿವೆ. ನಮ್ಮ ರಾಜ್ಯದಲ್ಲಿ 2020ರ ಮುಂಗಾರಿನಲ್ಲಿ ರೈತರೇ ತಮ್ಮ ಹೊಲದ ಬೆಳೆಯ ಚಿತ್ರವನ್ನು ತೆಗೆದು ಆಪ್ ಮೂಲಕ ಕಳಿಸುವ ಬೆಳೆ ಸಮೀಕ್ಷೆ ಬಂತು. ಉದ್ಯೋಗ ಖಾತ್ರಿ ಕೆಲಸದ ಸ್ಥಳದಲ್ಲಿ ದಿನಕ್ಕೆರಡು ಸಲ ಕೂಲಿಕಾರರ ಚಿತ್ರ ತೆಗೆದು ಹಾಜರಿ ಹಾಕುವ ಪದ್ಧತಿ 2023ರ ಜನವರಿ 1ರಿಂದ ಎಲ್ಲೆಡೆ ಕಡ್ಡಾಯವಾಯಿತು. ಇಂಥ ಚಿತ್ರಗಳಲ್ಲಿ ಅಂದಚೆಂದಕ್ಕಿಂತ ಮುಖ್ಯವಾದದ್ದು ಯಾವ ಜಾಗದಲ್ಲಿ, ಯಾವ ಹೊತ್ತಿನಲ್ಲಿ ತೆಗೆದದ್ದು ಎಂಬ ಗುರುತು. ಅದನ್ನು ಫೋನಿನ ಆಪ್ ತಾನೇ ಸೇರಿಸುತ್ತದೆ. ಬಹುತೇಕ ಪುಟ್ಟ ಕ್ಯಾಮೆರಾಗಳಲ್ಲಿ ಸ್ಥಳ ಗುರುತಿಸುವ ವ್ಯವಸ್ಥೆಯೇ ಇಲ್ಲ. ಸರಕಾರಿ ಕೆಲಸಕ್ಕೆ ಚಿತ್ರ ಬೇಕು ಎಂಬ ಒಂದೇ ಕಾರಣಕ್ಕೆ ನೀವು ಕ್ಯಾಮೆರಾ ಕೊಳ್ಳಲು ಹೊರಟಿದ್ದರೆ ದಯವಿಟ್ಟು ಕೊಳ್ಳಬೇಡಿ. ದಿನವೂ ಹತ್ತಾರು ಚಿತ್ರ ತೆಗೆದು ಕೂಡಲೇ ನಂಟರಿಗೆ ಕಳಿಸುವುದಷ್ಟೇ ನಿಮ್ಮ ಬಯಕೆಯಾದರೂ ಕೈಯಲ್ಲಿರುವ ಫೋನೇ ಸಾಕು.

ಹಾಗಾದರೆ ಕ್ಯಾಮೆರಾ ಯಾರಿಗೆ ಬೇಕು? ಚಿತ್ರೀಕರಣಕ್ಕೆಂದು ಆ ಕಡೆ ಹೋದಾಗಲೆಲ್ಲ, ನಾವು ಸಾಮಾನು ಕಟ್ಟುವ ಹೊತ್ತಿಗೆ ಯಾರಾದರೂ ಹತ್ತಿರ ಬಂದು ಕೇಳುವುದುಂಟು: “ಸಾಹೇಬ್ರೆ, ನಮಗ ಯಾವುದು ತಗೊಂಡ್ರ ಛಲೋ?” ಒಮ್ಮೆ ಬಿದ್ರಿ ಕೆಲಸದ ಮನೆಯವರೊಬ್ಬರು ಫೋನು ತೋರಿಸಿ ಹೇಳಿದ ಮಾತು ನನಗೆ ಚೆನ್ನಾಗಿ ನೆನಪಿದೆ: “ನೋಡ್ರಿ, ಕರಿ ಹೂದಾನಿ ಬೂದಿ ಬಣ್ಣ ಕಾಣ್ತದ. ಬೆಳ್ಳಿ ಬಳ್ಳಿ ಎಲ್ಲಾ ಒಂದs ಬಿಳಿ ಮಚ್ಚಿ ಆಗ್ಯಾದ. ದೂರದ ಗಿರಾಕಿ ಇದನ್ನ ನೋಡಿ ಏನು ತಗೋತಾನ್ರಿ?” ಆ ಮಾತಿನಲ್ಲಿ ನಮ್ಮ ಇಂದಿನ ವಿಷಯದ ತಿರುಳೇ ಅಡಗಿದೆ. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದು, ಉಳಿಯಿಂದ ಗೀರಿ, ಬೆಳ್ಳಿಯನ್ನು ಕೂರಿಸಿ, ಬೀದರ್ ಕೋಟೆಯ ಮಣ್ಣು ಮತ್ತು ನವಸಾಗರದ ಮಿಶ್ರಣದಲ್ಲಿ ಕಪ್ಪಾಗಿಸುವ ಈ ಕಲೆಗೆ 2006ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಬಂತು. 2023ರಲ್ಲಿ ಬಿದ್ರಿ ಕಲಾವಿದ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಸಂದಿತು. ಹೆಸರು ದೂರ ದೂರ ಹೋಗಿದೆ. ಆದರೆ ದೂರದ ಗಿರಾಕಿಯ ಕಣ್ಣಿಗೆ ಬೀಳುವುದು ವಸ್ತುವಲ್ಲ, ಅದರ ಚಿತ್ರ. ವಾರಗಟ್ಟಲೆ ಕೂತು ಮಾಡಿದ ಕೆಲಸದ ಬೆಲೆಯನ್ನು ಒಂದು ಕೆಟ್ಟ ಚಿತ್ರ ಅರ್ಧಕ್ಕಿಳಿಸಬಲ್ಲದು. ಅಲ್ಲಿ ಕ್ಯಾಮೆರಾ ಎಂಬುದು ಉಳಿ, ಸುತ್ತಿಗೆಗಳಂತೆ ಕಸುಬಿನ ಒಂದು ಹತ್ಯಾರವೇ ಆಗುತ್ತದೆ.

ಈಗ ಕ್ಯಾಮೆರಾದ ಒಳಗಿನ ವಿಜ್ಞಾನಕ್ಕೆ ಬರೋಣ. ನಾನು ವಿಜ್ಞಾನದ ವಿದ್ಯಾರ್ಥಿಯಾಗಿದ್ದವನು, ಆದ್ದರಿಂದ ಸ್ವಲ್ಪ ಲೆಕ್ಕ ಹೇಳಿದರೆ ಬೇಸರಪಡಬೇಡಿ. ಇದು ದುಡ್ಡು ಉಳಿಸುವ ಲೆಕ್ಕ.

ಫಿಲ್ಮಿನ ಜಾಗದಲ್ಲಿ ಈಗ ಇರುವುದು ಸೆನ್ಸರ್ ಎಂಬ ಸಿಲಿಕಾನ್ ಬಿಲ್ಲೆ. ಅದರ ಮೇಲೆ ಬೆಳಕನ್ನು ಹಿಡಿಯುವ ಲಕ್ಷಾಂತರ ಸೂಕ್ಷ್ಮ ಗುಂಡಿಗಳಿವೆ. ಹತ್ತು ಲಕ್ಷ ಗುಂಡಿಗಳಿದ್ದರೆ ಒಂದು ಮೆಗಾಪಿಕ್ಸೆಲ್. ಅಂಗಡಿಯವರು ಮೊದಲು ಹೇಳುವುದು ಈ ಸಂಖ್ಯೆಯನ್ನೇ. ಆದರೆ ನಮಗೆ ಎಷ್ಟು ಬೇಕು? ನಾವು ಆಲ್ಬಮ್ಮಿನಲ್ಲಿ ಹಾಕುವ 4 ಇಂಚು 6 ಇಂಚಿನ ಚಿತ್ರವನ್ನು ಇಂಚಿಗೆ 300 ಚುಕ್ಕಿಯಂತೆ ಚೊಕ್ಕಟವಾಗಿ ಅಚ್ಚು ಹಾಕಲು 1,200ನ್ನು 1,800ರಿಂದ ಗುಣಿಸಿ. ಎರಡು ಮೆಗಾಪಿಕ್ಸೆಲ್‌ಗಿಂತ ತುಸು ಹೆಚ್ಚು, ಅಷ್ಟೆ. ಎ4 ಹಾಳೆಯಷ್ಟು ದೊಡ್ಡ ಚಿತ್ರಕ್ಕೆ ಸುಮಾರು ಒಂಬತ್ತು ಸಾಕು. ಇಂದು ಮಾರುಕಟ್ಟೆಯಲ್ಲಿರುವ ಪುಟ್ಟ ಕ್ಯಾಮೆರಾಗಳಲ್ಲಿ ಸಾಮಾನ್ಯವಾಗಿ ಇದಕ್ಕಿಂತ ಹೆಚ್ಚೇ ಇರುತ್ತದೆ. ಆದ್ದರಿಂದ ಮೆಗಾಪಿಕ್ಸೆಲ್ಲಿನ ಜಗಳವನ್ನು ಇಲ್ಲಿಗೇ ಬಿಟ್ಟುಬಿಡೋಣ.

ಕೇಳಬೇಕಾದ ಪ್ರಶ್ನೆ ಸೆನ್ಸರ್ ಎಷ್ಟು ದೊಡ್ಡದು ಎಂಬುದು. ಮಳೆ ಬರುವಾಗ ಅಂಗಳದಲ್ಲಿ ಒಂದು ಲೋಟವನ್ನೂ ಒಂದು ಪರಾತವನ್ನೂ ಇಡಿ. ಜೋರು ಮಳೆಯಾದರೆ ಎರಡರಲ್ಲೂ ನೀರು ಸಿಕ್ಕೀತು. ನಾಲ್ಕೇ ಹನಿ ಉದುರಿದರೆ? ಪರಾತದಲ್ಲಿ ಒಂದಿಷ್ಟಾದರೂ ಬಿದ್ದಿರುತ್ತದೆ. ಲೋಟದಲ್ಲಿ ಒಂದು ಹನಿ ಬಿದ್ದರೂ ಬಿತ್ತು, ಇಲ್ಲದಿದ್ದರೆ ಇಲ್ಲ. ಬೆಳಕೂ ಹನಿಹನಿಯಾಗಿಯೇ ಬರುತ್ತದೆ. ಮಬ್ಬು ಬೆಳಕಿನಲ್ಲಿ ತೆಗೆದ ಚಿತ್ರದಲ್ಲಿ ರವೆ ಚೆಲ್ಲಿದಂತೆ ಕಾಣುವ ಕಲೆಗಳು ಈ ಹನಿಗಳ ಏರುಪೇರಿನಿಂದ ಆಗುವಂಥವು. ಪರಾತದೊಳಗೆ ಹೆಚ್ಚು ಬಟ್ಟಲುಗಳನ್ನು ಜೋಡಿಸಿದರೆ ಮಳೆ ಹೆಚ್ಚಾಗುವುದಿಲ್ಲ. ಮೆಗಾಪಿಕ್ಸೆಲ್ ಹೆಚ್ಚಿಸುವುದು ಹೀಗೆ ಬಟ್ಟಲು ಜೋಡಿಸಿದಂತೆ.

ಅಗ್ಗದ ಪುಟ್ಟ ಕ್ಯಾಮೆರಾಗಳಲ್ಲಿ ‘1/2.3 ಇಂಚು’ ಎಂಬ ಸೆನ್ಸರ್ ಇರುತ್ತದೆ. ಅದರ ವಿಸ್ತೀರ್ಣ ಸುಮಾರು 28 ಚದರ ಮಿಲಿಮೀಟರು. ‘ಒಂದು ಇಂಚು’ ಎಂದು ಕರೆಯುವ ಸೆನ್ಸರಿನ ಅಳತೆ 13.2 ಮತ್ತು 8.8 ಮಿಲಿಮೀಟರು, ಅಂದರೆ ಸುಮಾರು 116 ಚದರ ಮಿಲಿಮೀಟರು. ನಾಲ್ಕು ಪಟ್ಟು! ಇದರ ಯಾವ ಅಂಚೂ ಒಂದು ಇಂಚು ಇಲ್ಲವಲ್ಲ ಎಂದು ನೀವು ಕೇಳಬಹುದು. ಈ ಹೆಸರಿನ ಮೂಲ ನಮ್ಮ ದೂರದರ್ಶನದ ಲೋಕದಲ್ಲೇ ಇದೆ. ಹಳೆಯ ಟಿ.ವಿ. ಕ್ಯಾಮೆರಾಗಳಲ್ಲಿ ವಿಡಿಕಾನ್ ಎಂಬ ಗಾಜಿನ ಕೊಳವೆ ಇರುತ್ತಿತ್ತು. ಕೊಳವೆಯ ಹೊರಗಿನ ವ್ಯಾಸ ಒಂದು ಇಂಚಾದರೆ ಅದರೊಳಗೆ ಚಿತ್ರ ಮೂಡುವ ಜಾಗ ಇಷ್ಟೇ ಇರುತ್ತಿತ್ತು. ಕೊಳವೆ ಹೋಯಿತು, ಹೆಸರು ಉಳಿಯಿತು. 2012ರಲ್ಲಿ ಸೋನಿ ಕಂಪನಿಯ ಆರ್‌ಎಕ್ಸ್100 ಈ ಅಳತೆಯ ಸೆನ್ಸರನ್ನು ಜೇಬಿನ ಗಾತ್ರಕ್ಕೆ ತಂದಿತು. ಕ್ಯಾನನ್, ಪ್ಯಾನಸೋನಿಕ್ ಮೊದಲಾದವರೂ ಇದೇ ದಾರಿ ಹಿಡಿದರು.

ಇನ್ನು ಮಸೂರ. ಇದರ ಮೇಲೆ ಎರಡು ಅಂಕಿಗಳನ್ನು ಬರೆದಿರುತ್ತಾರೆ. ಒಂದು ಸಂಗಮದೂರ, ಇನ್ನೊಂದು ಬೆಳಕಿನ ಕಿಂಡಿಯ ಅಳತೆ. ಕಿಂಡಿಯ ಅಂಕಿ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು ಎಂಬುದನ್ನು ಮರೆಯಬಾರದು. ‘ಎಫ್ 1.8’ ಇರುವ ಮಸೂರ ‘ಎಫ್ 5.6’ಕ್ಕಿಂತ ಹತ್ತಿರ ಹತ್ತಿರ ಹತ್ತು ಪಟ್ಟು ಬೆಳಕನ್ನು ಒಳಗೆ ಬಿಡುತ್ತದೆ. ಜೂಮ್ ಹೆಚ್ಚಿದಂತೆ ಬಹಳಷ್ಟು ಪುಟ್ಟ ಕ್ಯಾಮೆರಾಗಳಲ್ಲಿ ಕಿಂಡಿ ಕಿರಿದಾಗುತ್ತ ಹೋಗುತ್ತದೆ. ಹಾಗಾಗಿ ಮೂವತ್ತು ಪಟ್ಟು ಜೂಮ್ ಇರುವ ಕ್ಯಾಮೆರಾ ಹಗಲಿನ ಗೆಳೆಯ, ಸಂಜೆಯ ಮೇಲೆ ಕೈಕೊಡುತ್ತದೆ. ಇನ್ನು ‘ಡಿಜಿಟಲ್ ಜೂಮ್’ ಎಂಬುದನ್ನು ಲೆಕ್ಕಕ್ಕೇ ಹಿಡಿಯಬೇಡಿ. ಅದು ಚಿತ್ರದ ನಡುವನ್ನು ಕತ್ತರಿಸಿ ಹಿಗ್ಗಿಸುವ ಕೆಲಸ ಮಾತ್ರ. ‘ಆಪ್ಟಿಕಲ್’ ಎಂದಿರುವ ಅಂಕಿಯೊಂದೇ ನಿಜವಾದ ಜೂಮ್.

ಕಸುಬಿನವರಿಗೆ ಬಹಳ ಬೇಕಾಗುವ ಇನ್ನೊಂದು ಅನುಕೂಲವಿದೆ. ಅದಕ್ಕೆ ಬೆಳಕಿನ ತಿದ್ದುಪಡಿ ಎನ್ನೋಣ. ಕ್ಯಾಮೆರಾದ ಮೇಲೆ ಕೂಡಿಸುವ ಮತ್ತು ಕಳೆಯುವ ಗುರುತುಗಳ ಜೊತೆಗೆ ಒಂದು ತಿರುಗುಣಿ ಅಥವಾ ಗುಂಡಿ ಇರುತ್ತದೆ. ಇದರ ಉಪಯೋಗವನ್ನು ಬೀದರಿನ ಎರಡು ಹೆಮ್ಮೆಗಳಿಂದಲೇ ವಿವರಿಸಬಹುದು. ಕ್ಯಾಮೆರಾಗೆ ಎದುರಿಗಿರುವುದು ಏನು ಎಂದು ಗೊತ್ತಿಲ್ಲ. ಜಗತ್ತೆಲ್ಲ ಸರಾಸರಿಯಲ್ಲಿ ನಡುಬೂದು ಬಣ್ಣದ್ದು ಎಂದು ಎಣಿಸಿ ಅದು ಬೆಳಕನ್ನು ಅಳೆಯುತ್ತದೆ. ಕಪ್ಪು ಬಿದ್ರಿ ತಟ್ಟೆಯನ್ನು ಎದುರಿಗಿಟ್ಟರೆ, ಅಯ್ಯೋ ಕತ್ತಲೆ ಎಂದುಕೊಂಡು ಹೆಚ್ಚು ಬೆಳಕು ಬಿಡುತ್ತದೆ. ಆಗ ಕಪ್ಪು ಬೂದಿಯಾಗುತ್ತದೆ, ಬೆಳ್ಳಿಯ ಎಳೆಗಳೆಲ್ಲ ಬೆಂದು ಬಿಳಿಚುತ್ತವೆ. ಆ ಕುಶಲಕರ್ಮಿಯ ದೂರು ಇದೇ ಆಗಿತ್ತು. ತಿರುಗುಣಿಯನ್ನು ಕಳೆಯುವ ಕಡೆಗೆ ಒಂದು ಮನೆ ತಿರುಗಿಸಿದರೆ ಕಪ್ಪು ಕಪ್ಪಾಗಿಯೇ ನಿಲ್ಲುತ್ತದೆ, ಬೆಳ್ಳಿಯ ಗೀರು ಗೀರೂ ಕಾಣುತ್ತದೆ. ಇನ್ನು ಆ ಸೀಮೆಯ ದೇವಣಿ ಎತ್ತನ್ನು ನೋಡಿ. ಮೈತುಂಬ ಬಿಳುಪಿನ ಬಾಳಂಕ್ಯಾ ಜಾತಿಯ ಎತ್ತನ್ನು ಬಿಸಿಲಲ್ಲಿ ನಿಲ್ಲಿಸಿ ತೆಗೆದರೆ, ಎಷ್ಟೊಂದು ಬೆಳಕು ಎಂದುಕೊಂಡು ಕ್ಯಾಮೆರಾ ಕಿಂಡಿಯನ್ನು ಬಿಗಿಮಾಡುತ್ತದೆ. ಆಗ ಹಾಲಿನಂಥ ಎತ್ತು ತೊಳೆಯದ ಪಂಚೆಯಂತೆ ಮಾಸಲು ಕಾಣುತ್ತದೆ. ಇಲ್ಲಿ ತಿರುಗುಣಿಯನ್ನು ಕೂಡಿಸುವ ಕಡೆಗೆ ತಿರುಗಿಸಬೇಕು. ಬಿಳಿ ಧೋತರ ಉಟ್ಟ ಅಜ್ಜ, ಬಾಗಿಲಿನ ಬೆಳಕಿಗೆ ಬೆನ್ನು ಮಾಡಿ ಕೂತ ಅಜ್ಜಿ, ಇವರಿಗೂ ಇದೇ ಸೂತ್ರ. ಫೋನಿನಲ್ಲೂ ಈ ತಿದ್ದುಪಡಿ ಮಾಡಬಹುದು, ನಿಜ. ಆದರೆ ಎಷ್ಟೋ ಫೋನುಗಳು ನಮ್ಮನ್ನು ಕೇಳದೆ ಚಿತ್ರವನ್ನು ಮತ್ತೆ ತಿದ್ದುತ್ತವೆ. ಕೈಯಾರೆ ತಿರುಗಿಸುವ ತಿರುಗುಣಿ ಇರುವ ಕ್ಯಾಮೆರಾದಲ್ಲಿ ಯಜಮಾನಿಕೆ ನಮ್ಮದೇ.

ಬಿದ್ರಿಯಂಥ ಹೊಳೆಯುವ ವಸ್ತುವಿಗೆ ಇನ್ನೆರಡು ಮಾತು. ಬೆಳ್ಳಿ ಕನ್ನಡಿಯಂತೆ, ಸುತ್ತ ಇದ್ದದ್ದನ್ನೆಲ್ಲ ತೋರಿಸುತ್ತದೆ. ಫ್ಲ್ಯಾಶ್ ಹೊಡೆದರೆ ಅದರ ಮಿಂಚೇ ಚಿತ್ರದಲ್ಲಿ ಕೂರುತ್ತದೆ. ಆದ್ದರಿಂದ ಫ್ಲ್ಯಾಶನ್ನು ಬಂದ್ ಮಾಡಿ, ನೇರ ಬಿಸಿಲು ಬೀಳದ ಕಿಟಕಿಯ ಪಕ್ಕದಲ್ಲಿ ವಸ್ತುವನ್ನಿಡಿ. ಕಿಟಕಿಗೆ ತೆಳುವಾದ ಬಿಳಿ ಬಟ್ಟೆಯನ್ನು ಇಳಿಬಿಡಿ. ಕ್ಯಾಮೆರಾವನ್ನು ಸಣ್ಣ ಮುಕ್ಕಾಲಿಯ ಮೇಲೆ ಕೂರಿಸಿ, ಎರಡು ಸೆಕೆಂಡಿನ ಟೈಮರ್ ಹಾಕಿ ಕೈ ತೆಗೆಯಿರಿ. ಕೈ ನಡುಗದಿದ್ದರೆ ಮಬ್ಬು ಬೆಳಕಿನಲ್ಲೂ ಗೆರೆ ಸ್ಪಷ್ಟ ಬರುತ್ತದೆ. ಕೊಳ್ಳುವ ಮೊದಲು ಅಂಗಡಿಯಲ್ಲಿ ಹತ್ತು ರೂಪಾಯಿಯ ನಾಣ್ಯವೊಂದನ್ನು ಮೇಜಿನ ಮೇಲಿಟ್ಟು ಚಿತ್ರ ತೆಗೆದು ನೋಡಿ. ನಾಣ್ಯ ಎಷ್ಟು ದೊಡ್ಡದಾಗಿ, ಎಷ್ಟು ಸ್ಪಷ್ಟವಾಗಿ ತುಂಬಿಕೊಳ್ಳುತ್ತದೆ ಎಂಬುದರಿಂದ ಆ ಕ್ಯಾಮೆರಾ ಹತ್ತಿರದ ಕೆಲಸಕ್ಕೆ ಬರುತ್ತದೋ ಇಲ್ಲವೋ ತಿಳಿಯುತ್ತದೆ. ದೊಡ್ಡ ಸೆನ್ಸರಿನ ಕೆಲವು ಕ್ಯಾಮೆರಾಗಳು ಜೂಮ್ ಮಾಡಿದಾಗ ಹತ್ತಿರದ ವಸ್ತುವಿನ ಮೇಲೆ ನೋಟವನ್ನು ನೆಡಲಾರವು. ಬೆಲೆ ಹೆಚ್ಚಿದ ಮಾತ್ರಕ್ಕೆ ಎಲ್ಲವೂ ಬರುತ್ತದೆಂದು ತಿಳಿಯಬೇಡಿ.

ಕತ್ತಲೆಯ ಪರೀಕ್ಷೆಗೂ ಬೀದರಿನಲ್ಲಿ ಒಳ್ಳೆಯ ಸ್ಥಳಗಳಿವೆ. ಅಷ್ಟೂರಿನಲ್ಲಿ 1436ರಲ್ಲಿ ತೀರಿಕೊಂಡ ಅಹ್ಮದ್ ಶಾ ವಲಿಯ ಗುಮ್ಮಟದ ಒಳಮೈಯಲ್ಲಿ ಬಣ್ಣದ ಚಿತ್ತಾರಗಳಿವೆ. ಕೋಟೆಯ ರಂಗೀನ್ ಮಹಲಿನಲ್ಲಿ ಕರಿಕಲ್ಲಿನಲ್ಲಿ ಕೂರಿಸಿದ ಮುತ್ತಿನ ಚಿಪ್ಪಿನ ಕೆಲಸವಿದೆ. ಶಾಲೆಯ ಮಕ್ಕಳನ್ನು ಅಲ್ಲಿಗೆ ಕರೆದೊಯ್ಯುವ ಮೇಷ್ಟ್ರು ಫ್ಲ್ಯಾಶಿಲ್ಲದೆ ಈ ಚಿತ್ತಾರಗಳನ್ನು ತೆಗೆಯಬೇಕಾಗುತ್ತದೆ. ಹಳೆಯ ಬಣ್ಣಗಳ ಮೇಲೆ ಫ್ಲ್ಯಾಶ್ ಹೊಡೆಯುವುದು ಸಲ್ಲದು. ಸಂರಕ್ಷಿತ ಸ್ಮಾರಕಗಳಲ್ಲಿ ಮುಕ್ಕಾಲಿ ನಿಲ್ಲಿಸಲು ಪುರಾತತ್ತ್ವ ಇಲಾಖೆಯ ಅನುಮತಿಯೂ ಬೇಕು. ಅಂಥ ಕಡೆ ದೊಡ್ಡ ಸೆನ್ಸರು, ದೊಡ್ಡ ಕಿಂಡಿ ಮತ್ತು ಕೈನಡುಕವನ್ನು ಸರಿದೂಗಿಸುವ ವ್ಯವಸ್ಥೆ ಈ ಮೂರೂ ಸೇರಿ ಕೆಲಸ ಮಾಡುತ್ತವೆ. ಇಲ್ಲಿಯೇ ಒಂದು ಎಚ್ಚರಿಕೆಯನ್ನೂ ಹೇಳಿಬಿಡುತ್ತೇನೆ. ಬೀದರಿನಲ್ಲಿ ವಾಯುಪಡೆಯ ನೆಲೆಯಿದೆ. ಚಿತ್ರ ತೆಗೆಯಬಾರದೆಂಬ ಫಲಕವಿರುವ ಕಡೆ ಕ್ಯಾಮೆರಾವನ್ನು ಚೀಲದಿಂದ ಹೊರತೆಗೆಯಬೇಡಿ.

ಮನೆಯ ಕತ್ತಲೆ ಬೇರೆ ಬಗೆಯದು. ತೊಟ್ಟಿಲಿನ ಮಗು, ಒಲೆಯ ಮುಂದೆ ರೊಟ್ಟಿ ಬಡಿಯುವ ತಾಯಿ, ಶಾಲೆಯ ವಾರ್ಷಿಕೋತ್ಸವದಲ್ಲಿ ಕೋಲಾಟ ಆಡುವ ಹುಡುಗಿಯರು, ಇವರು ನಮಗಾಗಿ ಅಲ್ಲಾಡದೆ ನಿಲ್ಲುವುದಿಲ್ಲ. ಓಡುವ ಮಗು ಸ್ಪಷ್ಟವಾಗಿ ಬರಬೇಕಾದರೆ ಕವಾಟ ಸೆಕೆಂಡಿನ 500ನೆಯ ಒಂದು ಭಾಗದಷ್ಟು ಹೊತ್ತು ಮಾತ್ರ ತೆರೆದಿರಬೇಕು. ಅಷ್ಟರಲ್ಲಿ ಸಾಕಷ್ಟು ಬೆಳಕು ಬರಬೇಕಾದರೆ ಮತ್ತೆ ಪರಾತದ ಲೆಕ್ಕವೇ ಬರುತ್ತದೆ. ಪುಟ್ಟ ಕ್ಯಾಮೆರಾದ ಫ್ಲ್ಯಾಶ್ ಮೂರು ನಾಲ್ಕು ಮೀಟರಿನಾಚೆ ಅಷ್ಟಾಗಿ ಕೆಲಸ ಮಾಡುವುದಿಲ್ಲ. ಸಭಾಂಗಣದ ಹಿಂದಿನ ಸಾಲಿನಿಂದ ಫ್ಲ್ಯಾಶ್ ಹೊಡೆಯುವವರು ಮುಂದಿನ ಸಾಲಿನವರ ತಲೆಗಳಿಗೆ ಬೆಳಕು ಕೊಡುತ್ತಾರೆ, ಅಷ್ಟೆ.

ವಿಡಿಯೋ ವಿಚಾರದಲ್ಲಿ ನನ್ನ ಕಸುಬಿನ ಅನುಭವದಿಂದ ಒಂದೇ ಮಾತು: ನೋಡುಗರು ಮಸುಕು ಚಿತ್ರವನ್ನು ಸಹಿಸುತ್ತಾರೆ, ಕೇಳಿಸದ ಮಾತನ್ನು ಸಹಿಸುವುದಿಲ್ಲ. ಅಜ್ಜನ ಬಾಯಿಂದ ಊರಿನ ಹಳೆಯ ಕಥೆಯನ್ನು, ಬೀಸುವ ಹಾಡನ್ನು ದಾಖಲಿಸಬೇಕೆಂಬ ಆಸೆ ನಿಮಗಿದ್ದರೆ, ಹೊರಗಿನ ಮೈಕು ಸಿಕ್ಕಿಸಲು ತೂತಿರುವ ಕ್ಯಾಮೆರಾವನ್ನೇ ಕೇಳಿ ಪಡೆಯಿರಿ. ಸಣ್ಣ ಒಡಲಿನ ಕ್ಯಾಮೆರಾಗಳು 4ಕೆ ಗುಣಮಟ್ಟದಲ್ಲಿ ಬಹಳ ಹೊತ್ತು ನಡೆದರೆ ಬಿಸಿಯಾಗಿ ತಾವೇ ನಿಂತುಬಿಡುವುದುಂಟು. ಬೇಸಗೆಯಲ್ಲಿ ಉಷ್ಣತೆ 40 ಡಿಗ್ರಿ ದಾಟುವ ಬೀದರಿನಂಥ ಸೀಮೆಯಲ್ಲಿ ಇದು ಚಿಕ್ಕ ಮಾತಲ್ಲ. ಹತ್ತು ಹದಿನೈದು ನಿಮಿಷಗಳ ತುಂಡುಗಳಾಗಿ ತೆಗೆಯುವುದು ಒಳ್ಳೆಯದು.

ಈಗ ನಾಲ್ಕು ಬಗೆಯ ಮನೆಗಳನ್ನು ಕಣ್ಮುಂದೆ ತಂದುಕೊಳ್ಳೋಣ.

ಮೊದಲನೆಯದು, ತೊಗರಿ, ಸೋಯಾ ಬೆಳೆಯುವ ಔರಾದದ ರೈತರ ಮನೆ. ಒಂದು ಒಳ್ಳೆಯ ಫೋನು ಆಗಲೇ ಇದೆ. ಇವರು ಅಗ್ಗದ 1/2.3 ಇಂಚಿನ ಕ್ಯಾಮೆರಾ ಕೊಂಡರೆ ಫೋನಿಗಿಂತ ಹೆಚ್ಚಿನದೇನೂ ಸಿಗುವುದಿಲ್ಲ, ಜೂಮ್ ಒಂದನ್ನು ಬಿಟ್ಟು. ಆ ದುಡ್ಡಿನಲ್ಲಿ ವರ್ಷಕ್ಕೊಂದು ಆಲ್ಬಮ್ ಅಚ್ಚು ಹಾಕಿಸುವುದು ಮೇಲು.

ಎರಡನೆಯದು, ಬೀದರಿನ ಬಿದ್ರಿ ಕೆಲಸದವರು, ಸೀರೆ ಅಥವಾ ಒಡವೆ ಅಂಗಡಿಯವರು. ಇವರಿಗೆ ಒಂದು ಇಂಚಿನ ಸೆನ್ಸರು, ದೊಡ್ಡ ಕಿಂಡಿ, ಮೂರು ನಾಲ್ಕು ಪಟ್ಟಿನ ಸಾಧಾರಣ ಜೂಮ್ ಇರುವ ಕ್ಯಾಮೆರಾ ಹಿತ. ದುಬಾರಿ ನಿಜ, ಆದರೆ ದುಡಿದು ತಂದುಕೊಡುವಂಥದು. ಅದೇ ಕ್ಯಾಮೆರಾ ಸಂಜೆ ಮಗುವಿನ ಹುಟ್ಟುಹಬ್ಬಕ್ಕೂ ಸೊಗಸಾಗಿ ಒದಗುತ್ತದೆ. ಚಿತ್ರವನ್ನು ಕ್ಯಾಮೆರಾದಿಂದ ಫೋನಿಗೆ ನಿಸ್ತಂತುವಾಗಿ ಕಳಿಸುವ ಸೌಕರ್ಯ ಇದೆಯೇ ನೋಡಿಕೊಳ್ಳಿ. ಗಿರಾಕಿಗೆ ವಾಟ್ಸ್ಆ್ಯಪಿನಲ್ಲಿ ಕಳಿಸುವಾಗ ಮಾಮೂಲಿನಂತೆ ಕಳಿಸಿದರೆ ಅದು ಚಿತ್ರವನ್ನು ಕುಗ್ಗಿಸಿಬಿಡುತ್ತದೆ. ‘ಡಾಕ್ಯುಮೆಂಟ್’ ಆಗಿ ಕಳಿಸಿದರೆ ಗೀರು ಗೀರೂ ಉಳಿಯುತ್ತದೆ.

ಮೂರನೆಯದು, ಭಾಲ್ಕಿಯ ಶಾಲಾ ಶಿಕ್ಷಕರ ಮನೆ. ಭಾನುವಾರ ಕಾರಂಜಾ ಜಲಾಶಯದ ದಂಡೆಯಲ್ಲಿ ಹಕ್ಕಿ ನೋಡುವ ಹವ್ಯಾಸ; ಹುಲ್ಲುಗಾವಲಿನಲ್ಲಿ ಕೃಷ್ಣಮೃಗ ಕಂಡರೆ ಮಕ್ಕಳಿಗೆ ತೋರಿಸುವ ಆಸೆ. ಇವರಿಗೆ ಸೆನ್ಸರು ಚಿಕ್ಕದಾದರೂ ಚಿಂತೆಯಿಲ್ಲ, ಜೂಮ್ ಉದ್ದ ಬೇಕು. ಹಗಲಿನ ಬಿಸಿಲಿನಲ್ಲಿ ಅದು ಫೋನಿನಿಂದ ಆಗದ ಕೆಲಸವನ್ನು ಮಾಡುತ್ತದೆ. ಬಿಸಿಲಿನಲ್ಲಿ ಹಿಂದಿನ ಪರದೆ ಕಾಣುವುದಿಲ್ಲವಾದ್ದರಿಂದ ಕಣ್ಣಿಟ್ಟು ನೋಡುವ ಕಿಂಡಿಯೂ ಇದ್ದರೆ ಉತ್ತಮ.

ನಾಲ್ಕನೆಯದು, ಮಳೆಯಲ್ಲಿ, ಕೆಸರಿನಲ್ಲಿ, ಕಟ್ಟಡದ ಕೆಲಸದಲ್ಲಿ ತಿರುಗಾಡುವವರು. ಇವರಿಗಾಗಿ ನೀರು, ಧೂಳು ಒಳಹೋಗದ ಕ್ಯಾಮೆರಾಗಳಿವೆ. ಓಎಂ ಸಿಸ್ಟಮ್ ಕಂಪನಿ 2023ರಲ್ಲಿ ತಂದ ಟಿಜಿ-7 ಎಂಬುದು 15 ಮೀಟರು ಆಳದ ನೀರನ್ನೂ ತಡೆಯುತ್ತದೆ, ತೀರ ಹತ್ತಿರದ ವಸ್ತುವನ್ನೂ ಚೆನ್ನಾಗಿ ತೆಗೆಯುತ್ತದೆ. ಅದರ ಸೆನ್ಸರು ಮಾತ್ರ ಚಿಕ್ಕದು.

ಧೂಳಿನ ಮಾತು ಎಲ್ಲರಿಗೂ ಅನ್ವಯಿಸುತ್ತದೆ. ಗುಂಡಿ ಒತ್ತಿದಾಗ ಮೂತಿಯಂತೆ ಹೊರಬಂದು, ಮತ್ತೆ ಒಳಹೋಗುವ ಮಸೂರ ಗಾಳಿಯ ಜೊತೆಗೆ ಧೂಳನ್ನೂ ಎಳೆದುಕೊಳ್ಳುತ್ತದೆ. ಒಳಗೆ ಹೋದ ಧೂಳನ್ನು ಮನೆಯಲ್ಲಿ ತೆಗೆಯಲಾಗದು. ಬೀದರಿನ ಕೆಂಪು ಜಂಬಿಟ್ಟಿಗೆ ಮಣ್ಣಿನ ದಾರಿಯಲ್ಲಿ, ಔರಾದದ ಅಮರೇಶ್ವರ ಜಾತ್ರೆಯಲ್ಲಿ ತಿರುಗುವಾಗ, ಬೇಕಾದಾಗ ಮಾತ್ರ ಹೊರತೆಗೆದು ಉಳಿದ ಹೊತ್ತು ಬಾಯಿ ಬಿಗಿಯುವ ಚೀಲದಲ್ಲಿಡಿ. ಎರಡನೆಯ ಬ್ಯಾಟರಿಯನ್ನು ಕ್ಯಾಮೆರಾದ ಜೊತೆಗೇ ಕೊಳ್ಳಿ. ಪುಟ್ಟ ಕ್ಯಾಮೆರಾದ ಒಂದು ಬ್ಯಾಟರಿ ಇಡೀ ಮದುವೆಗೆ ಸಾಲದು. ಮೊಬೈಲ್ ಚಾರ್ಜರಿನಿಂದಲೇ ತುಂಬಿಸಬಹುದಾದ ಕ್ಯಾಮೆರಾವಾದರೆ ಹಳ್ಳಿಯಲ್ಲಿ ಅನುಕೂಲ. ನೆನಪಿನ ಕಾರ್ಡನ್ನು ಬಿಲ್ಲು ಕೊಡುವ ಅಂಗಡಿಯಲ್ಲೇ ಕೊಳ್ಳಿ, ನಕಲಿ ಕಾರ್ಡುಗಳು ಬಹಳ ಇವೆ. 32 ಜಿಬಿ ಕಾರ್ಡಿನಲ್ಲಿ, ಚಿತ್ರವೊಂದಕ್ಕೆ 8 ಎಂಬಿ ಎಂದು ಹಿಡಿದರೂ, ಸುಮಾರು 4,000 ಚಿತ್ರಗಳು ಹಿಡಿಸುತ್ತವೆ. ಅಷ್ಟು ಸಾಕು.

ಬೆಲೆಯನ್ನು ನಾನು ಬೇಕೆಂದೇ ಹೇಳಲಿಲ್ಲ, ಅದು ತಿಂಗಳಿಗೊಮ್ಮೆ ಬದಲಾಗುತ್ತದೆ. ಹಣ ಕೊಡುವ ಮೊದಲು ಮೂರು ಮಾತು ಕೇಳಿ: ಈ ಕಂಪನಿಯ ದುರಸ್ತಿ ಕೇಂದ್ರ ಎಲ್ಲಿದೆ? ವಾರಂಟಿ ಚೀಟಿ ಭಾರತದ್ದೇ? ಬ್ಯಾಟರಿ ಬಿಡಿಯಾಗಿ ಸಿಗುತ್ತದೆಯೇ? ಪುಟ್ಟ ಕ್ಯಾಮೆರಾಗಳ ಅನೇಕ ಮಾದರಿಗಳ ತಯಾರಿಕೆ ನಿಂತುಹೋಗಿರುವುದರಿಂದ ಸೆಕೆಂಡ್‌ ಹ್ಯಾಂಡ್ ಕ್ಯಾಮೆರಾ ಕೊಳ್ಳುವವರೂ ಇದ್ದಾರೆ. ಅದರಲ್ಲಿ ತಪ್ಪಿಲ್ಲ. ಆದರೆ ಬಿಳಿ ಗೋಡೆಯ ಚಿತ್ರವೊಂದನ್ನು ತೆಗೆದು ದೊಡ್ಡದು ಮಾಡಿ ನೋಡಿ, ಕರಿ ಚುಕ್ಕಿಗಳಿದ್ದರೆ ಒಳಗೆ ಧೂಳಿದೆ ಎಂದರ್ಥ. ಮಸೂರವನ್ನು ಹತ್ತು ಸಲ ಹೊರಗೆ ಒಳಗೆ ಮಾಡಿಸಿ, ಕರಕರ ಸದ್ದು ಬಂದರೆ ಬಿಟ್ಟುಬಿಡಿ.

ಕ್ಯಾಮೆರಾ ಮನೆಗೆ ಬಂದ ಮೇಲೆ ಮೊದಲು ಮಾಡಬೇಕಾದ ಕೆಲಸ ಅದರ ಗಡಿಯಾರವನ್ನು ಸರಿಪಡಿಸುವುದು. ಪ್ರತಿ ಚಿತ್ರದ ಒಡಲಲ್ಲೂ ದಿನ, ವೇಳೆ ದಾಖಲಾಗುತ್ತದೆ. ಆಲಿಕಲ್ಲಿನಿಂದ ಬೆಳೆ ಹಾಳಾದಾಗ ವಿಮೆಯವರಿಗೆ 72 ಗಂಟೆಯೊಳಗೆ ತಿಳಿಸಬೇಕೆಂಬ ನಿಯಮವಿದೆ. ಅಂಥ ಹೊತ್ತಿನಲ್ಲಿ ಆಪಿನ ಚಿತ್ರದ ಜೊತೆಗೆ ನೀವು ತೆಗೆದಿಟ್ಟ ಚಿತ್ರವೂ ಇರಲಿ; ಅದರ ದಿನಾಂಕವೇ ತಪ್ಪಾಗಿದ್ದರೆ ನಿಮ್ಮ ಮಾತಿನ ತೂಕ ಕಡಿಮೆಯಾದೀತು.

ಕೊನೆಯದಾಗಿ, ತೆಗೆದ ಚಿತ್ರವನ್ನು ಉಳಿಸಿಕೊಳ್ಳುವ ವಿಚಾರ. ಫಿಲ್ಮಿನ ಕಾಲದಲ್ಲಿ ಕಾಗದದ ಚಿತ್ರ ಮಾಸುತ್ತಿತ್ತು, ಗೆದ್ದಲು ತಿನ್ನುತ್ತಿತ್ತು. ಆದರೂ ಐವತ್ತು ವರ್ಷದ ಮೇಲೂ ಟ್ರಂಕಿನ ತಳದಲ್ಲಿ ಸಿಗುತ್ತಿತ್ತು. ಡಿಜಿಟಲ್ ಚಿತ್ರ ಮಾಸುವುದಿಲ್ಲ. ಹೋದರೆ ಒಂದೇ ಏಟಿಗೆ ಪೂರ್ತಿ ಹೋಗುತ್ತದೆ. ಫೋನು ನೀರಿಗೆ ಬಿದ್ದಿತು, ಕಾರ್ಡು ಕೆಟ್ಟಿತು ಎಂದರೆ ಮಗುವಿನ ಮೊದಲ ಮೂರು ವರ್ಷಗಳೇ ಇಲ್ಲವಾಗುತ್ತವೆ. ಆದ್ದರಿಂದ ಪ್ರತಿ ಚಿತ್ರ ಎರಡು ಬೇರೆ ಬೇರೆ ಕಡೆ ಇರಲಿ: ಒಂದು ಮನೆಯ ಕಂಪ್ಯೂಟರಿನಲ್ಲೋ ಹಾರ್ಡ್ ಡಿಸ್ಕಿನಲ್ಲೋ, ಇನ್ನೊಂದು ಬೇರೆ ಊರಿನಲ್ಲಿರುವ ಮಗನ ಅಥವಾ ತಂಗಿಯ ಮನೆಯಲ್ಲಿ. ವರ್ಷಕ್ಕೆ ಇಪ್ಪತ್ತೇ ಆಗಲಿ, ಆರಿಸಿ ಕಾಗದದ ಮೇಲೆ ಅಚ್ಚು ಹಾಕಿಸಿ, ಹಿಂಬದಿಯಲ್ಲಿ ಸೀಸದ ಕಡ್ಡಿಯಿಂದ ಹೆಸರು, ಊರು, ವರ್ಷ ಬರೆದಿಡಿ. ಇಂದು ನಮಗೆ ಗೊತ್ತಿರುವ ಮುಖ ಮೊಮ್ಮಕ್ಕಳಿಗೆ ಗೊತ್ತಿರುವುದಿಲ್ಲ.

ಬಂಧುಗಳೇ, ಈ ಎಲ್ಲ ಮಾತುಗಳನ್ನು ಕೇಳಿಕೊಂಡು ಅಂಗಡಿಗೆ ಹೋಗುವ ಮೊದಲು ಒಂದು ಹಾಳೆಯ ಮೇಲೆ ಬರೆದುಕೊಳ್ಳಿ: ಮುಂದಿನ ವರ್ಷ ನಾನು ತೆಗೆಯಲಿರುವ ಚಿತ್ರಗಳಲ್ಲಿ ಹೆಚ್ಚಿನವು ಯಾವುವು? ಹಗಲಿನವೋ ರಾತ್ರಿಯವೋ? ಹತ್ತಿರದ ವಸ್ತುವೋ ದೂರದ ಹಕ್ಕಿಯೋ? ಯಾರ ಕೈಯಲ್ಲಿ ಕ್ಯಾಮೆರಾ ಇರುತ್ತದೆ? ಮನೆಯಲ್ಲಿ ಚಿತ್ರ ತೆಗೆಯುವವಳು ಮಗಳಾದರೆ ಅವಳನ್ನೂ ಅಂಗಡಿಗೆ ಕರೆದುಕೊಂಡು ಹೋಗಿ, ಅವಳ ಕೈಗೆ ಕೊಟ್ಟು ನೋಡಿ. ಆ ಹಾಳೆಯಲ್ಲಿ ಉತ್ತರ ಸ್ಪಷ್ಟವಾಗಿದ್ದರೆ ಜಾಹೀರಾತು ನಿಮ್ಮ ದಾರಿ ತಪ್ಪಿಸಲಾರದು. ಕ್ಯಾಮೆರಾ ಬೇಡ, ಫೋನೇ ಸಾಕು ಎಂಬ ಉತ್ತರ ಬಂದರೂ ಸಂತೋಷವೇ. ಆಗ ಇವತ್ತೇ ಅಜ್ಜಿಯನ್ನು ಕಿಟಕಿಯ ಬೆಳಕಿಗೆ ಮುಖಮಾಡಿ ಕೂರಿಸಿ, ಒಂದು ಒಳ್ಳೆಯ ಚಿತ್ರ ತೆಗೆದು, ಅಚ್ಚು ಹಾಕಿಸಿ ಅವರ ಕೈಗೆ ಕೊಡಿ.